ಸಂಪುಟ ಇಪ್ಪತ್ತೆರಡು, ಮೂರನೇ ಸಾಲು

ಐವತ್ತು ವರ್ಷ ದಾಟಿದ ಹುಟ್ಟು, ಸಾವು, ಮದುವೆಗಳ ದಾಖಲೆಗಳನ್ನೆಲ್ಲ ಸರ್ಕಾರ ಕಂಪ್ಯೂಟರಿಗೆ ಏರಿಸಿದೆ, ಯಾರು ಬೇಕಾದರೂ ಮನೆಯಲ್ಲೇ ಕೂತು ನೋಡಬಹುದು, ಐವತ್ತು ದಾಟದವರದು ಮಾತ್ರ ಸಿಗುವುದಿಲ್ಲ ಎಂದು ಸೋದರಳಿಯ ಮಾವನ ಮನೆಯ ನಡುಕೋಣೆಯಲ್ಲಿ ಭಾಷಣ ಬಿಗಿದ. ಬಿಗಿದವನು ಅಷ್ಟಕ್ಕೇ ಸುಮ್ಮನಿರಬಾರದೇ? ತೋರಿಸಿಕೊಡುವ ಉಮೇದಿನಲ್ಲಿ ತನ್ನದೇ ಹೆಸರು ಒತ್ತಿದ. ಟಣ್ಣನೆ ಎದ್ದು ಬಂತು. ಅವನಿಗೆ ನಲವತ್ತೇಳು ಎಂದೇ ಇಲ್ಲಿಯವರೆಗೆ ನಂಬಿದ್ದ ಅವನ ಹೆಂಡತಿ ಪರದೆಯ ಹತ್ತಿರ ಬಗ್ಗಿ ಓದಿದಳು.

"ಐವತ್ಮೂರಾ?" ಎಂದಳು. "ಅದಕ್ಕೇ ಮೆಟ್ಟಿಲು ಹತ್ತುವಾಗ ಮಂಡಿ ಅಷ್ಟು ಸದ್ದು ಮಾಡೋದು."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅಳಿಯನಿಗೆ. ಬಾಯಿ ಬಿಟ್ಟದ್ದು ಮಾವ. ಆ ಸಾಲು ಬರೆದವನು ತಾನೇ, ತಪ್ಪಿರಲು ಸಾಧ್ಯವಿಲ್ಲ ಎಂದು ಪತ್ರಿಕೆಯ ಮರೆಯಿಂದಲೇ ಹೇಳಿ ಪುಟ ಮಗುಚಿದರು.

ಮಾವ ನೋಂದಣಿ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತರಾಗಿದ್ದವರು. ಕಿಟಕಿ ಪಕ್ಕದ ಮೇಜು, ಅದರ ಕುಂಟು ಕಾಲಿನಡಿ ಮಡಚಿಟ್ಟ ರಟ್ಟು, ಎಡಕ್ಕೆ ನೀಲಿ ಶಾಯಿ, ಬಲಕ್ಕೆ ಕೆಂಪು. ನೀಲಿಯಲ್ಲಿ ಊರಿನ ಮಕ್ಕಳೆಲ್ಲ ಹುಟ್ಟುತ್ತಿದ್ದರು. ಕೆಂಪು ತಿಂಗಳ ಕೊನೆಯ ಸಂಜೆಗೆ: ಖಾಲಿ ಉಳಿದ ಅಂಕಣಗಳಲ್ಲಿ ಆಮೇಲೆ ಯಾರೂ ಕದ್ದು ತುಂಬದಿರಲೆಂದು ಒಂದೊಂದು ಗೆರೆ ಎಳೆದು ಮುಚ್ಚುವುದು. ಗೆರೆ ಬೀಳುವ ಮೊದಲಾಗಲಿ ಬಿದ್ದ ಮೇಲಾಗಲಿ, ಹೆಸರು ಸೇರಿಸಲು ತಂದೆ ತಾಯಿ ಇಬ್ಬರ ರುಜು ಇರುವ ಅರ್ಜಿ ಬಾರದೆ, ಬ್ರಹ್ಮನೇ ಬಂದರೂ ಮಾವ ಬಗ್ಗುತ್ತಿರಲಿಲ್ಲ. ಬೇರೆ ಕಚೇರಿಗಳಲ್ಲಿ ಯಾವ ಕೆಲಸ ತಡವಾದರೂ "ಗುಮಾಸ್ತರು ಸೀಟಲ್ಲಿಲ್ಲ" ಎಂಬ ಒಂದೇ ಉತ್ತರ. ಇಲ್ಲಿ ಗುಮಾಸ್ತರು ಸದಾ ಸೀಟಲ್ಲೇ ಇರುತ್ತಿದ್ದರು. ಜನರ ಕಷ್ಟ ಅದೇ. ನೆಂಟರಿಷ್ಟರ ಬಾಯಲ್ಲಿ ಅವರ ಹೆಸರೇ ಕೆಂಪುಗೆರೆ.

ನಗು ಅಡಗಿದ ಮೇಲೆ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಕುರ್ಚಿ ಎಳೆದುಕೊಂಡರು.

"ನಮ್ಮ ಮಗೂದೂ ಇರುತ್ತೇನೋ ಅದರಲ್ಲಿ?"

ಅಳಿಯ ಹುಟ್ಟುವ ಹಿಂದಿನ ವರ್ಷ ಅವರಿಗೊಂದು ಹೆಣ್ಣು ಮಗುವಾಗಿತ್ತು, ಹದಿನಾರು ದಿನ ಬದುಕಿತ್ತು. ಆಮೇಲೆ ಮಕ್ಕಳಾಗಲಿಲ್ಲ. ಫೋಟೋ ತೆಗೆಸುವಷ್ಟು ದಿನ ಇರಲಿಲ್ಲ, ಅವಳು ಇದ್ದಳು ಅನ್ನೋದಕ್ಕೆ ಉಳಿದಿರೋದು ಆ ಪುಸ್ತಕದಲ್ಲಿನ ಹೆಸರೊಂದೇ, ಒಂದು ಸಲ ಕಣ್ಣಾರೆ ನೋಡಬೇಕು ಎಂದರು ಅತ್ತೆ. ಹೆಸರನ್ನು ಮೆತ್ತಗೆ, ನಿದ್ದೆಗೆ ಹೋದವರನ್ನು ಎಬ್ಬಿಸುವ ಹಾಗೆ ಹೇಳಿದರು.

ಅಳಿಯ ಒತ್ತಿದ. ಸಿಗಲಿಲ್ಲ. ಇನ್ನೊಮ್ಮೆ ಒತ್ತಿದ. ಏರಿಸಿದವರು ಬಿಟ್ಟುಬಿಟ್ಟಿರಬೇಕು ಎಂದು ಸಮಾಧಾನ ಹೇಳಿದ.

"ಬಿಡೋಕೆ ಹೇಗಾಗುತ್ತೋ? ಇವರ ಕೈಯಾರೆ ಬರೆದದ್ದು. ಅವತ್ತೇ ಕೇಳಿದ್ದೆ, ಬರೆದೆ ಅಂದಿದ್ದರು."

ಪತ್ರಿಕೆ ಆಗಿನಿಂದ ಒಂದು ಪುಟವೂ ಮಗುಚಿರಲಿಲ್ಲ.

"ಹೆಸರು ಹಾಕಿ ಹುಡುಕಬೇಡ," ಎಂದರು ಮಾವ. "ಸಂಪುಟ ಇಪ್ಪತ್ತೆರಡು. ಪುಟ ನೂರ ನಾಲ್ಕು. ಮೂರನೇ ಸಾಲು."

ಪುಟ ತೆರೆಯಿತು. ತಾರೀಕು, ಹೆಣ್ಣು, ತಂದೆ, ತಾಯಿ, ಎಲ್ಲ ಮುತ್ತು ಪೋಣಿಸಿದ ಹಾಗೆ. ಮಗುವಿನ ಹೆಸರಿನ ಅಂಕಣದಲ್ಲಿ ಮಾತ್ರ ಒಂದು ಗೆರೆ, ಕೆಂಪಗೆ, ಅಡಿಪಟ್ಟಿ ಇಟ್ಟು ಎಳೆದದ್ದು.

ಉಳಿದದ್ದನ್ನು ಮಾವ ಪತ್ರಿಕೆಗೇ ಹೇಳಿಕೊಂಡರು. ಹೆಸರಿಗಾಗಿ ಗಂಡ ಹೆಂಡತಿ ಹತ್ತು ದಿನ ಜಗ್ಗಾಡಿದ್ದರು. ಅತ್ತೆ ಆರಿಸಿದ ಹೆಸರು ಉದ್ದ, ಅಂಕಣದಲ್ಲಿ ಹಿಡಿಸುವುದಿಲ್ಲ ಎಂಬುದು ಮಾವನ ತಕರಾರು. ತಿಂಗಳ ಕೊನೆಯ ದಿನ ಬೆಳಿಗ್ಗೆ ಅವರೇ ಸೋತು ಒಪ್ಪಿದರು. ಕಚೇರಿಯಲ್ಲಿ ನೀಲಿ ಲೇಖನಿ ಎತ್ತಿದಾಗ, ಅರ್ಜಿಯಿಲ್ಲದೆ ತನ್ನ ಮಗಳದೇ ಬರೆದುಕೊಂಡರೆ ನಾಳೆ ಯಾವ ಮುಖ ಹೊತ್ತು ಇನ್ನೊಬ್ಬರನ್ನು ವಾಪಸು ಕಳಿಸಲಿ ಅನ್ನಿಸಿತು. ಗೆರೆ ಎಳೆದರು. ನಾಳೆ ರುಜು ಹಾಕಿಸಿದರಾಯಿತೆಂದು ಅರ್ಜಿ ನಮೂನೆಯೊಂದನ್ನು ಜೇಬಿಗಿಟ್ಟುಕೊಂಡರು. ಸಂಜೆ ಮನೆಯ ಬಾಗಿಲಲ್ಲೇ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ ಹೆಂಡತಿ, ಬರೆದಿರಾ ಎಂದು ಕೇಳಿದಳು. ಆ ಮುಖ ನೋಡಿ ಬರೆದೆ ಅಂದುಬಿಟ್ಟರು. ಮರುದಿನ ಮಗುವಿಗೆ ಜ್ವರ. ನಾಲ್ಕನೇ ದಿನ ಜೇಬಿನ ಕಾಗದ ಯಾವ ಕೆಲಸಕ್ಕೂ ಬಾರದಾಯಿತು.

ಅತ್ತೆ ಪರದೆಯ ಮೇಲಿನ ಗೆರೆಯನ್ನು ಬೆರಳಿನಿಂದ ಆ ತುದಿಯಿಂದ ಈ ತುದಿಗೆ ಸವರಿದರು.

"ಊರವರ ಮಕ್ಕಳಿಗೆಲ್ಲ ಮುತ್ತಿನಂಥ ಅಕ್ಷರ," ಎಂದರು. "ನಮ್ಮದಕ್ಕೆ ಗೆರೆ."

ಕದ್ದ ಆರು ವರ್ಷಕ್ಕೆ ಇಷ್ಟು ಹೊತ್ತು ಬೆವರಿದ್ದ ಅಳಿಯನಿಗೆ ತನ್ನ ಸುಳ್ಳು ಕಡಲೆಕಾಯಿ ಸಿಪ್ಪೆಯಷ್ಟು ಹಗುರ ಎನ್ನಿಸಿ, ಆ ಹಗುರಕ್ಕೂ ನಾಚಿಕೆಯಾಯಿತು.

ಅತ್ತೆ ಗಂಡನ ಕಡೆ ತಿರುಗದೆ ಅಳಿಯನನ್ನು ಕೇಳಿದರು, ಈಗ ಬರೆಸೋಕೆ ಆಗುತ್ತಾ ಎಂದು. ಪುಟದ ಕೆಳಗೆ, ಬಿಟ್ಟುಹೋದದ್ದನ್ನು ಸೇರಿಸಲು ಅರ್ಜಿಯೊಂದಿತ್ತು. ಅತ್ತೆ ಹೆಸರು ಹೇಳಿ ಬರೆಸಿದರು, ಪೂರ್ತಿ ಹಿಡಿಸಿತು. ತಾಯಿಯ ಒಪ್ಪಿಗೆಯ ಗುಂಡಿಯನ್ನು ತಾವೇ ಒತ್ತಿದರು. ಮಾವ ಎದ್ದು ಬಂದು, ರುಜು ಎಲ್ಲಿ ಎಂದು ಕೇಳಿ, ತೋರಿಸಿದ ಕಡೆ ತೋರುಬೆರಳನ್ನು ಶಾಯಿಗೆ ಅದ್ದಿದವರ ಹಾಗೆ ಎಚ್ಚರದಿಂದ ಒತ್ತಿದರು. ಅರ್ಜಿ ಮುಂದೆ ಹೋಗದೆ ನಿಂತಿತು.

"ಮಾವ, ತಡವಾದ್ದಕ್ಕೆ ಕಾರಣ ಕೇಳ್ತಿದೆ. ಖಾಲಿ ಬಿಡೋ ಹಾಗಿಲ್ಲ. ಏನು ಹಾಕ್ಲಿ?"

ಮಾವ ಕನ್ನಡಕ ತೆಗೆದು ಮಡಚಿದರು.

"ಗುಮಾಸ್ತರು ಸೀಟಲ್ಲೇ ಇದ್ದರು ಅಂತ ಹಾಕು."