ಹೊರಗಿನಿಂದ ಕೇಳಿದ ದನಿ

ಆಗಿನ್ನೂ ಹಾಡು ಎಂಬುದು ವೈರಿನೊಳಗಿಂದಲೇ ಬರಬೇಕಿತ್ತು. ಮರಳಿ ಎಂಬ ಊರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕಾಕಾನ ಕಂಪ್ಯೂಟರ್ ಇತ್ತು. ಅದರ ಅಕ್ಕಪಕ್ಕ ಎರಡು ಪುಟ್ಟ ಸ್ಪೀಕರ್, ಕೆಳಗೆ ನೆಲದ ಮೇಲೆ ಒಂದು ದಪ್ಪ ಕರಿ ಡಬ್ಬಿ. ನಿಮ್ಮಲ್ಲಿ ಹಲವರ ಮನೆಯಲ್ಲೂ ಇದ್ದಿರಬೇಕು. ಡಬ್ಬಿಯ ಮುಂದುಗಡೆ ದನಿ ಏರಿಸುವ ಗುಂಡಿ, ಹಸಿರು ದೀಪ, ಹೆಡ್‌ಫೋನ್ ಸಿಗಿಸಲು ಸಣ್ಣದೊಂದು ತೂತು. ಹಾಡು ಹಚ್ಚಿದರೆ ಡಬ್ಬಿಯಿಂದ ಗಾಳಿಯೂ ಬರುತ್ತಿತ್ತು. ಆರನೇ ತರಗತಿಯ ನಾನು ಅಂಗೈಯಲ್ಲಿ ಭತ್ತದ ಹೊಟ್ಟು ಹಿಡಿದು, ಯಾವ ಹಾಡಿಗೆ ಎಷ್ಟು ಹಾರುತ್ತದೆಂದು ನೋಡುತ್ತ ಅದರ ಮುಂದೆಯೇ ಕೂತಿರುತ್ತಿದ್ದೆ. ಕಸ ಗುಡಿಸುವ ಅವ್ವನಿಂದ ಬೈಸಿಕೊಳ್ಳುವುದೂ ನಡೆದೇ ಇತ್ತು.

ಅಮ್ಮ ಎಂದರೆ ನಮ್ಮ ಕಡೆ ಅಜ್ಜಿ, ಹೆತ್ತವಳು ಅವ್ವ, ಅಪ್ಪನ ತಮ್ಮ ಕಾಕಾ. ನಮ್ಮ ಅಮ್ಮ ಸೋಬಾನೆ ಪದಕ್ಕೆ ಸುತ್ತಲಿನ ಊರುಗಳಲ್ಲೆಲ್ಲ ಹೆಸರಾದವಳು. ಅವಳು ಬಂದು ಕೂತು ದನಿ ತೆಗೆಯದೆ ಯಾರ ಮನೆಯಲ್ಲೂ ಅರಿಷಿಣ ಹಚ್ಚುತ್ತಿರಲಿಲ್ಲ. ಆ ಶ್ರಾವಣದಲ್ಲಿ ಯಲಬುರ್ಗಾದಲ್ಲಿ ಅತ್ತೆಯ ಮಗಳ ಮದುವೆಯಾಯಿತು. ಅಲ್ಲಿ ಅಮ್ಮ ಹಾಡಿದ್ದನ್ನು ಕಾಕಾನ ಗೆಳೆಯನೊಬ್ಬ ತನ್ನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ. ಮದುವೆ ಮುಗಿಸಿ ಬಂದ ಮೇಲೆ ಅಮ್ಮನ ಗಂಟಲು ಕಟ್ಟಿಕೊಂಡಿದ್ದು ಬಿಡಲೇ ಇಲ್ಲ. ಇನ್ನು ಹಾಡಲಾರೆನೇನೋ ಎಂಬ ಅಳುಕು ಅವಳಿಗೆ ಹತ್ತಿಕೊಂಡಿತು.

“ಊರ ಮಂದಿಯೆಲ್ಲ ನನ್ನ ದನಿ ಕೇಳ್ಯಾರ, ನಾ ಒಬ್ಬಾಕಿನ ಕೇಳಿಲ್ಲ. ನನಗ ಒಳಗಿಂದ ಅಷ್ಟ ಕೇಳತೈತಿ. ಹೊರಗಿಂದ ಹ್ಯಾಂಗೈತಿ ಅಂತ ಒಮ್ಮೆ ಕೇಳಬೇಕ್ ನೋಡು,” ಎಂದು ಕಾಕಾನ ಬೆನ್ನು ಹತ್ತಿದಳು.

ದಸರಾ ಸೂಟಿ ಇನ್ನೂ ಮುಗಿದಿರಲಿಲ್ಲ. ಒಂದು ಸಂಜೆ ಕಾಕಾ ಗೆಳೆಯನ ಆ ರೆಕಾರ್ಡಿಂಗನ್ನು ಪೆನ್‌ಡ್ರೈವಿನಲ್ಲಿ ತಂದ. ಅವ್ವ ಮಂಡಕ್ಕಿ ನೆನೆಸಿ ಮಾಡಿದ ಒಗ್ಗರಣೆ ಮಂಡಾಳು, ಮಿರ್ಚಿಯ ವಾಸನೆ ಮನೆತುಂಬ ಇತ್ತು. ಅಮ್ಮ ಅದನ್ನು ಮುಟ್ಟಲಿಲ್ಲ. ತಲೆ ಬಾಚಿ, ಇಳಕಲ್ ಸೀರೆಯುಟ್ಟು, ಬೀಗರು ಬರುವವರಿದ್ದಂತೆ ಕಂಪ್ಯೂಟರಿನ ಎದುರು ಕುರ್ಚಿ ಹಾಕಿಸಿಕೊಂಡು ಕೂತಳು. ಕಾಕಾ ಮೌಸ್ ಒತ್ತಿದ. ತೆರೆಯ ಮೇಲೆ ಬಣ್ಣದ ಗೆರೆಗಳು ಕುಣಿದವು. ಸದ್ದು ಮಾತ್ರ ಇಲ್ಲ.

ಕಾಕಾ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ. ಹಿಂದಿನ ವೈರುಗಳನ್ನು ಕಿತ್ತು ಮತ್ತೆ ಚುಚ್ಚಿದ. ಕಂಪ್ಯೂಟರನ್ನು ಆರಿಸಿ ಹಚ್ಚಿದ. ಹಸಿರು ದೀಪವೇನೋ ಉರಿಯುತ್ತಿತ್ತು.

“ಡ್ರೈವರ್ ಹೋಗೈತಿ ಅನಸ್ತೈತಿ,” ಎಂದ.

“ಹೊತ್ತು ಮುಳುಗಿದ ಮ್ಯಾಲೆ ಎಲ್ಲಿ ಹೋಗ್ಯಾನ? ಫೋನ್ ಹಚ್ಚಿ ಕರಿ ಅವನ್ನ,” ಎಂದಳು ಅಮ್ಮ.

ಕಾಕಾ ಹೇಳಿದ್ದು ಸದ್ದು ಹೊರಡಿಸುವ ಸಾಫ್ಟ್‌ವೇರಿನ ಮಾತು. ನಾವು ಬಿದ್ದು ಬಿದ್ದು ನಕ್ಕೆವು. ಅಮ್ಮ ನಗಲಿಲ್ಲ. ಅವಳ ಮುಖ ನೋಡಿ ನನಗೆ ಕೆಡುಕೆನಿಸಿತು. ಅದಕ್ಕಿಂತ ಹೆಚ್ಚಾಗಿ, ಹೊರಟ ಹಾಡು ನಡುವೆ ಎಲ್ಲಿ ನಿಂತಿತು ಎಂಬುದು ತಲೆ ತಿನ್ನತೊಡಗಿತು. ಕಾಕಾನ ಇಯರ್‌ಫೋನ್ ತಂದು, ಸ್ಪೀಕರಿನ ವೈರು ಕಿತ್ತು, ಕಂಪ್ಯೂಟರಿನ ಬೆನ್ನಿಗೇ ಸಿಗಿಸಿದೆ. ಕಿವಿಯಲ್ಲಿ ಅಮ್ಮ!

“ಕಾಕಾ, ಹಾಡು ಇಲ್ಲೀತನಕ ಬಂದೈತಿ!”

ಕಾಕಾ ಕೇಳಿ, ಅದನ್ನೇ ಅಮ್ಮನ ಮುಂದೆ ಹಿಡಿದ. “ತೊಗೊ ಯವ್ವಾ, ಇದರಾಗ ಕೇಳು.”

ಅಮ್ಮ ಕೈ ಅಡ್ಡ ಹಿಡಿದಳು. “ಕಿವ್ಯಾಗ ಇಟ್ಕೊಂಡ್ರ ಮತ್ತ ಒಳಗಿಂದ ಕೇಳಿದಂಗ ಆಗಂಗಿಲ್ಲೇನೋ? ನನಗ ಹೊರಗಿಂದನ ಬೇಕು.”

ಹಾಗಾದರೆ ಕಂಪ್ಯೂಟರ್ ಸರಿಯಿದೆ, ತೊಂದರೆ ಡಬ್ಬಿಯದು. ಡಬ್ಬಿಯ ವೈರನ್ನು ಮೊದಲಿನಂತೆ ಸಿಗಿಸಿ, ಇಯರ್‌ಫೋನನ್ನು ಅದರ ಮುಂದಿನ ತೂತಿಗೆ ಹಾಕಿ ನೋಡಿದೆ. ಪಿನ್ನು ಅರ್ಧಕ್ಕೇ ನಿಂತಿತು.

“ಕಾಕಾ, ಒಳಗ ಯಾರೋ ಅದಾರ.”

ಬ್ಯಾಟರಿಯ ಬೆಳಕು ಬಿಟ್ಟು ನೋಡಿದರೆ ಏನೋ ಕಂಡಿತು. ಅವ್ವನ ಹೇರ್‌ಪಿನ್ನಿನಿಂದ ಕೆದಕಿ ಕೆದಕಿ ಹೊರಗೆ ತೆಗೆದೆ. ಮುರಿದ ಬಿದಿರು ಕಡ್ಡಿಯ ಎರಡು ತುಂಡು. ಮೂಸಿದರೆ ಗಂಧದ ವಾಸನೆ. ಅಮ್ಮ ಬಗ್ಗಿ ನೋಡಿದಳು.

“ಇವು ನನ್ನ ಊದಿನಕಡ್ಡಿ ಅಲ್ಲೇನ?”

ಎರಡು ದಿನದ ಹಿಂದೆ ಆಯುಧಪೂಜೆ. ಕಾಕಾ ತಾನು ಕೆಲಸ ಮಾಡುವ ಕಾರಟಗಿಯ ರೈಸ್‌ಮಿಲ್ಲಿನ ಪೂಜೆಗೆ ಹೋಗಿದ್ದ. ಮನೆಯಲ್ಲಿ ಅಮ್ಮ ಕುಡುಗೋಲು, ಮಿಕ್ಸರ್, ಹೊಲಿಗೆ ಮಷೀನು ಎಲ್ಲಕ್ಕೂ ಕುಂಕುಮ ಹಚ್ಚಿ, ಕಂಪ್ಯೂಟರಿಗೂ ಪೂಜೆ ಮಾಡಿದ್ದಳು.

“ಉಳದದ್ದಕ್ಕೆಲ್ಲ ಕಡ್ಡಿ ಚುಚ್ಚಾಕ ಬಾಳಿಹಣ್ಣು ಬೇಕಾತು. ಇದಕ್ಕ ಕಂಪನಿಯವರ ತೂತು ಬಿಟ್ಟಾರ. ಎಷ್ಟ್ ಛಲೋ ಮಂದಿ ಅನಕೊಂಡೆ,” ಎಂದಳು.

ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ತೂತಿಗೆ ಏನಾದರೂ ಹೊಕ್ಕರೆ ಡಬ್ಬಿ ಅದನ್ನು ಹೆಡ್‌ಫೋನ್ ಎಂದೇ ತಿಳಿದು ಸ್ಪೀಕರುಗಳ ಬಾಯಿ ಮುಚ್ಚಿಸುತ್ತದಂತೆ. “ಅಂದ್ರ ಇದು ಇಷ್ಟೊತ್ತು ಊದಿನಕಡ್ಡಿ ಕಿವ್ಯಾಗ ಹಾಡಾಕತ್ತಿತ್ತು!”

ಮತ್ತೆ ಒತ್ತಿದ. ಪಡಸಾಲೆ ತುಂಬ ಸೋಬಾನೆ. ಅಮ್ಮ ಕುರ್ಚಿಯ ತುದಿಗೆ ಸರಿದಳು. ಹುಬ್ಬು ಗಂಟಿಕ್ಕಿತು.

“ಇದು ನಂದಲ್ಲ.”

“ನಿಂದ ಐತಿ ಯವ್ವಾ,” ಎಂದ ಕಾಕಾ.

“ಅಲ್ಲೋ. ಇದು ನಮ್ಮವ್ವಂದು.”

ಅವಳ ತಾಯಿ ತೀರಿಕೊಂಡಾಗ ಅಮ್ಮ ನನಗಿಂತ ಸಣ್ಣವಳು. ಒಂದು ಫೋಟೋ ಕೂಡ ಇರಲಿಲ್ಲ. ಮುಖ ಮರೆತೇಹೋಗಿದೆ ಎಂದು ಎಷ್ಟೋ ಸಲ ಹೇಳಿಕೊಂಡಿದ್ದಳು. ಈಗ ಆ ಕರಿ ಡಬ್ಬಿಯ ಕಡೆಗೇ ನೋಡುತ್ತ, “ಇಷ್ಟ ವರ್ಷ ನನ್ನ ಗಂಟಲಾಗನ ಅದಾಳ. ನನಗ ಗೊತ್ತ ಆಗಲಿಲ್ಲ ನೋಡು,” ಎಂದಳು. ಹಾಡು ಮುಗಿದಾಗ ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನೊಮ್ಮೆ ಹಚ್ಚಲು ಹೇಳಿದಳು. ಮಂಡಾಳು ಆರಿ ಮೆತ್ತಗಾದರೂ ಯಾರೂ ತಟ್ಟೆಗೆ ಕೈ ಹಾಕಲಿಲ್ಲ.

ಮುಂದೊಂದು ಬೇಸಿಗೆಯಲ್ಲಿ ಕರೆಂಟು ಏರಿಳಿದು ಕಂಪ್ಯೂಟರ್ ಸುಟ್ಟಿತು. ಹಾಡೂ ಅದರೊಂದಿಗೆ ಹೋಯಿತು. ಪೆನ್‌ಡ್ರೈವನ್ನು ಯಾವಾಗಲೋ ಅಳಿಸಿ ಬೇರೇನೋ ತುಂಬಿಯಾಗಿತ್ತು, ಗೆಳೆಯ ಅಷ್ಟರಲ್ಲಿ ಮೊಬೈಲು ಬದಲಿಸಿದ್ದ. ಇನ್ನೊಂದು ಪ್ರತಿ ಮಾಡಿಡಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಅಮ್ಮನೂ ಈಗಿಲ್ಲ. ನನ್ನ ಫೋನಿನಲ್ಲಿ ಸಾವಿರಾರು ಹಾಡುಗಳಿವೆ, ಆ ಒಂದು ಇಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ, ನೆನಪಿದ್ದ ಎರಡು ಸಾಲು ಹಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿ, ದೂರ ಇಟ್ಟು ಕೇಳುತ್ತೇನೆ. ಸದ್ಯಕ್ಕೆ ಅದರಲ್ಲಿ ಬರೀ ನನ್ನ ದನಿಯೇ ಕೇಳಿಸುತ್ತದೆ. ಅಮ್ಮ ಬರಬೇಕಾದರೆ ನನಗೆ ಇನ್ನಷ್ಟು ವಯಸ್ಸಾಗಬೇಕೇನೋ.