ನಾನೇ ಹಾಕಿಸಿದ ಬೀಗ

ಪೊಲೀಸ್ ಇಲಾಖೆಯಲ್ಲಿ ಆಯುಷ್ಯವಿಡೀ ಬೀಗ, ಬೇಡಿ, ಕಂಬಿ ನೋಡಿದವನು ನಾನು. ನಿವೃತ್ತನಾದ ಮೇಲೂ ಬುದ್ಧಿ ಅತ್ತಲೇ ಓಡಿತಲ್ಲ, ಅದಕ್ಕೇ ನನ್ನ ಮೇಲೆ ನನಗೆ ಸಿಟ್ಟು.

ಕರ್ತವ್ಯದಲ್ಲಿದ್ದಾಗಲೇ ಜೀವ ಬಿಟ್ಟ ನಮ್ಮ ಪೊಲೀಸರಿಗೆ ರಾಯಚೂರಿನಲ್ಲೊಂದು ಸ್ಮಾರಕ ಆಗಲಿ ಎಂದು ನಾವು ನಾಲ್ಕಾರು ನಿವೃತ್ತರು ಹೊರಟೆವು. ಮಾನ್ವಿಯವರು ಕಲ್ಲು ಕೊಡಿಸಿದರು, ದೇವದುರ್ಗದವರು ಕಟ್ಟೆ ಕಟ್ಟಿಸಿದರು. ಚಿಕ್ಕದೊಂದು ಪಾರ್ಕಿನ ಮೂಲೆಯಲ್ಲಿ ಜಾಗ ಸಿಕ್ಕಿತು. ಕರಿಕಲ್ಲಿನ ಮೇಲೆ ಹೆಸರು ಕೆತ್ತಿಸಿ ನಿಲ್ಲಿಸಿದ್ದೂ ಆಯಿತು. ಆಮೇಲೆ ಶುರುವಾಯಿತು ನೋಡಿ ಪೀಡೆ! ಉದ್ಘಾಟನೆಗೆ ದೊಡ್ಡವರಿಗೆ ಬಿಡುವಾಗಲಿಲ್ಲ. ಗೊತ್ತು ಮಾಡಿದ ದಿನ ಮುಂದಕ್ಕೆ ಹೋಯಿತು, ಮತ್ತೂ ಮುಂದಕ್ಕೆ ಹೋಯಿತು. ಕಲ್ಲಿಗೆ ಹೊದಿಸಿದ್ದ ಬಟ್ಟೆ ಬಿಸಿಲಿಗೆ ಬಣ್ಣ ಬಿಟ್ಟಿತು. ಕೊನೆಗೊಂದು ದಿನ ಬಂದರು, ಬಟ್ಟೆ ಸರಿಸಿದರು, ಫೋಟೋ ತೆಗೆಸಿಕೊಂಡರು, ಹೋದರು.

ಒಂದು ವಾರ ಕಳೆದಿರಲಿಲ್ಲ, ಕಟ್ಟೆಯ ಮೇಲೆ ಗುಟ್ಕಾ ಉಗುಳು. ಮರುದಿನ ನೋಡಿದರೆ ಯಾರದೋ ಹುಟ್ಟುಹಬ್ಬದ ಬ್ಯಾನರನ್ನು ಕಲ್ಲಿಗೇ ಬಿಗಿದಿದ್ದಾರೆ. ಮೈಯೆಲ್ಲ ಉರಿದುಹೋಯಿತು. ಇವರಿಗೇನು ಕಣ್ಣು ಕುರುಡೇ? ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿ, ಹಟ ಹಿಡಿದು, ಸುತ್ತಲೂ ಆಳೆತ್ತರದ ಕಬ್ಬಿಣದ ಗ್ರಿಲ್ ಹಾಕಿಸಿದೆ. ಮೇಲೆ ಹತ್ತಬಾರದೆಂದು ಚೂಪಾದ ಮೊನೆ ಇಡಿಸಿದೆ. ಗೇಟಿಗೆ ಬೀಗ. ಬೀಗದ ಕೈ ಪಾರ್ಕು ನೋಡಿಕೊಳ್ಳುವ ಕಚೇರಿಯಲ್ಲಿ. ಇನ್ನು ಯಾರು ಬರುತ್ತಾರೋ ಬರಲಿ ಎಂದು ಎದೆ ಉಬ್ಬಿಸಿಕೊಂಡು ಮನೆಗೆ ಬಂದೆ.

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ವಾಕಿಂಗಿಗೆ ಹೋದಾಗ ಗೇಟಿನ ಮುಂದೆ ಮುದುಕಿಯೊಬ್ಬಳು ಬುತ್ತಿಗಂಟು ಹಿಡಿದು ಕೂತಿದ್ದಳು. ಕಂಡಕೂಡಲೇ ಗುರುತು ಹತ್ತಿತು. ದೇವದುರ್ಗದ ಕಡೆಯವಳು. ಆಕೆಯ ಮಗ ನನ್ನ ಠಾಣೆಯಲ್ಲೇ ಕಾನ್‌ಸ್ಟೇಬಲ್ ಆಗಿದ್ದ. ಕೃಷ್ಣೆಗೆ ನೆರೆ ಬಂದಾಗ ಜನರನ್ನು ದಾಟಿಸಲು ಹೋಗಿ ತಾನೇ ಕೊಚ್ಚಿಹೋದ. ಎಷ್ಟು ಹುಡುಕಿದರೂ ಹೆಣ ಸಿಗಲಿಲ್ಲ. ನಾವು ಹುಡುಕಿದಷ್ಟು ದಿನವೂ ಈಕೆ ದಂಡೆ ಬಿಟ್ಟು ಕದಲಿರಲಿಲ್ಲ.

"ಯಪ್ಪಾ, ಬಾಗಿಲಾ ತಗೀಪಾ. ನನ್ನ ಮಗಗ ಎಡಿ ತಂದೀನಿ" ಎಂದಳು.

ಕುರಿ ಕಾಯುವ ಮನೆತನ ಅವರದು. ಸತ್ತವರನ್ನು ಹೂಳುತ್ತಾರೆ, ಅಮಾವಾಸ್ಯೆಗೆ ಆ ಮಣ್ಣಿನ ಮುಂದೆ ಊಟದ ಎಡೆ ಇಡುತ್ತಾರೆ. ಆಕೆಗೆ ಮಣ್ಣೇ ಇರಲಿಲ್ಲ; ಇದ್ದದ್ದು ಈ ಕಲ್ಲಿನ ಮೇಲಿನ ಮಗನ ಹೆಸರೊಂದೇ.

"ಓಣ್ಯಾಗ ಎಲ್ಲಾರೂ ತಮ್ಮ ತಮ್ಮವರ ಹಂತ್ಯಾಕ ಹೋಗ್ತಾರ. ನಾ ಎಲ್ಲಿಗಿ ಹೋಗ್ಲಿ? ಈಗ ನನ್ನ ಮಗಗೂ ಒಂದು ಜಾಗ ಆತು ಅಂತ ಬಂದೀನಿ" ಎಂದು ಗಂಟು ಬಿಚ್ಚಿದಳು. ತಟ್ಟೆಯಲ್ಲಿ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಒಂದು ಹೋಳಿಗೆ.

ಕಚೇರಿಗೆ ಫೋನ್ ಹಚ್ಚಿದೆ. "ಕೀಲಿಕೈ ಇಟ್ಕೊಂಡಾವ ರಜಾ ಮ್ಯಾಲ ಅದಾನ್ರೀ ಸರ್. ನಾಳಿ ಬರ್ರಿ."

"ಅಮಾಸಿ ನಾಳಿಗೂ ಇರ್ತದೇನಲೇ?" ಎಂದು ಚೀರಿದೆ. ಆ ಕಡೆಯವನು ಫೋನ್ ಇಟ್ಟುಬಿಟ್ಟ.

ಕಲ್ಲು ಎತ್ತಿಕೊಂಡು ಬೀಗಕ್ಕೆ ಬಡಿದೆ. ಜಪ್ಪಯ್ಯ ಅನ್ನಲಿಲ್ಲ. ಅಂಗಡಿಯವನು ತೋರಿಸಿದ್ದರಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದನ್ನು ಆರಿಸಿ ತಂದವನು ನಾನೇ ಅಲ್ಲವೇ! ಮತ್ತೆ ಬಡಿದೆ, ಬೆರಳು ಜಜ್ಜಿಕೊಂಡೆ. ಹತ್ತಿ ದಾಟೋಣವೆಂದರೆ ನಾನೇ ಇಡಿಸಿದ ಮೊನೆಗಳು. ಎಡೆಯನ್ನು ಒಳಗೆ ತೂರಿಸೋಣವೆಂದರೆ ಕಂಬಿಯ ಸಂದಿಯಲ್ಲಿ ತಟ್ಟೆ ಹಿಡಿಸದು.

ಮುದುಕಿ ಕಂಬಿಯೊಳಗೆ ಭುಜದವರೆಗೂ ಕೈ ಚಾಚಿದಳು. ಕಲ್ಲು ಇನ್ನೂ ಒಂದು ಗೇಣು ದೂರದಲ್ಲಿತ್ತು. ಒಂದಷ್ಟು ಹೊತ್ತು ಹಾಗೇ ಚಾಚಿಕೊಂಡಿದ್ದು, ಕೈ ಹಿಂದಕ್ಕೆ ತೆಗೆದಳು.

"ಹೊಳ್ಯಾಗೂ ಕೈಗೆ ಸಿಗಲಿಲ್ಲ, ಇಲ್ಲೂ ಸಿಗವಲ್ಲ ನೋಡಪಾ" ಎಂದಳು. ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಎಡೆಯನ್ನು ಗ್ರಿಲ್ಲಿನ ಹೊರಗೇ ನೆಲದ ಮೇಲಿಟ್ಟು, ಕೈಮುಗಿದು, ದೇವದುರ್ಗದ ಬಸ್ಸಿಗೆ ಹೊರಟಳು. ಮುಂದಿನ ಅಮಾವಾಸ್ಯೆಗೆ ಬಾ ಯವ್ವಾ, ಅಷ್ಟರೊಳಗೆ ಬೀಗ ತೆಗೆಸಿರುತ್ತೇನೆ ಎಂದು ಮಾತು ಕೊಟ್ಟೆ.

ಮರುದಿನ ಕಚೇರಿಗೆ ಹೋದರೆ, ಹಾಕಿಸಲು ಹೇಗೋ ತೆಗೆಸಲೂ ಹಾಗೇ ಅರ್ಜಿ ಬೇಕಂತೆ, ಕಾರಣ ಸಮೇತ. ಅಲ್ಲೇ ನಿಂತು ಬರೆದೆ: ತಾಯಿ ಮಗನಿಗೆ ಎಡೆ ಇಡಬೇಕಾಗಿದೆ.

ಗುಮಾಸ್ತ ಓದಿ, ಕಾಗದವನ್ನು ನನ್ನ ಕಡೆಗೇ ಸರಿಸಿದ. "ಇದು ಕಾರಣ ಅನಿಸಂಗಿಲ್ರೀ ಸರ್. ಬ್ಯಾರೆ ಏನರ ಬರೀರಿ."

ಇನ್ನೊಂದು ಹಾಳೆ ಕೇಳಿ ಇಸಿದುಕೊಂಡೆ. ಅದೇ ಸಾಲನ್ನು ಮತ್ತೆ ಬರೆದೆ, ಈ ಸಲ ದಪ್ಪ ಅಕ್ಷರದಲ್ಲಿ.