ಮೇಷ್ಟ್ರ ಕೈ

ಯಲಹಂಕದ ಕಾಲೇಜೊಂದರಲ್ಲಿ ಫೋಟೋಗ್ರಫಿ ಕಲಿಸುವ ನಾಗಭೂಷಣ ಮೇಷ್ಟ್ರ ಪಾಠಕ್ಕೆಲ್ಲ ಒಂದೇ ಪಲ್ಲವಿ: "ನೀವು ಜರುಗಿ, ಅವರನ್ನ ಜರುಗಿಸ್ಬೇಡಿ." ಮೊಣಕಾಲೂರಿ, ಗೋಡೆಗೆ ಒರಗಿ, ಬೇಕಾದರೆ ಚರಂಡಿಗೂ ಇಳಿಯಿರಿ, ಆದರೆ ತಮ್ಮ ಪಾಡಿಗೆ ತಾವು ಬದುಕು ನಡೆಸುತ್ತಿರುವವರನ್ನು ನಿಮ್ಮ ಫೋಟೋಗಾಗಿ ಕದಲಿಸಬೇಡಿ ಎನ್ನುವುದು ಅವರ ಹಟ. ಹುಡುಗರು ಬೆನ್ನ ಹಿಂದೆ ಅವರನ್ನು 'ಜರುಗಿ ಸಾರ್' ಅಂತಲೇ ಕರೆಯುತ್ತಿದ್ದರು. ಅದು ಕಿವಿಗೆ ಬಿದ್ದಾಗ ಮೇಷ್ಟ್ರು ಸಿಟ್ಟು ನಟಿಸಿ ಒಳಗೊಳಗೇ ಉಬ್ಬುತ್ತಿದ್ದರು.

ಈ ಹಟ ಸುಮ್ಮನೆ ಬಂದದ್ದಲ್ಲ. ಆರ್.ಟಿ. ನಗರದ ಸ್ಟುಡಿಯೋ ಒಂದರಲ್ಲಿ ವರ್ಷಗಟ್ಟಲೆ ಪಾಸ್‌ಪೋರ್ಟ್ ಫೋಟೋ ತೆಗೆದವರು ಅವರು. ಬಂದವರ ಗಲ್ಲ ಎತ್ತುವುದು, ಭುಜ ತಿರುಗಿಸುವುದು, ಮದುವೆಮನೆಗಳಲ್ಲಿ ಅಜ್ಜಿಯರನ್ನು ಪಕ್ಕಕ್ಕೆ ಸರಿಸುವುದು, ಎಲ್ಲ ಆ ಕೈಯದೇ ಕೆಲಸ. ಜನರನ್ನು ಹೀಗೆ ಸಾಮಾನು ಸರಿಸಿದ ಹಾಗೆ ಸರಿಸಿದೆನಲ್ಲ ಎಂದು ಬೇಸತ್ತೇ ಅವರು ಕಲಿಸಲು ಬಂದದ್ದು. ಆ ಚಾಳಿಯನ್ನು ಸ್ಟುಡಿಯೋದಲ್ಲೇ ಬಿಟ್ಟು ಬಂದೆ ಎಂದು ನಂಬಿಕೊಂಡೂ ಇದ್ದರು, ಪಾಪ.

ಕಳೆದ ತಿಂಗಳು ಒಂದು ದಿನ ತರಗತಿಯನ್ನು ಯಲಹಂಕದ ಹಳೇ ಪೇಟೆಬೀದಿಗೆ ಕರೆದುಕೊಂಡು ಹೋದರು. ಮರುದಿನ ಪರದೆಯ ಮೇಲೆ ಒಬ್ಬೊಬ್ಬರ ಚಿತ್ರ ಬಂತು. ಅತೀಯಾ ಎಂಬ ಹುಡುಗಿ ತೆಗೆದದ್ದು ಬಂದಾಗ ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಹಳೇ ನೀಲಿ ಬಾಗಿಲು; ಅದರ ನೆರಳಲ್ಲಿ ಸೊಪ್ಪಿನ ಕಟ್ಟುಗಳನ್ನು ಎದೆಗವಚಿಕೊಂಡು ಅರ್ಧ ಎದ್ದಿದ್ದ ಮುದುಕಿ. ಆಕೆಯ ಭುಜದ ಮೇಲೆ ಮೇಷ್ಟ್ರ ಕೈ. ಬಾಗಿಲಿನ ಬಣ್ಣವನ್ನು ಹುಡುಗರಿಗೆ ತೋರಿಸುವ ಆತುರದಲ್ಲಿ ಆಕೆಯನ್ನು ಪಕ್ಕಕ್ಕೆ ತಳ್ಳಿದ್ದು ಅವರಿಗೆ ನೆನಪೇ ಇರಲಿಲ್ಲ.

ಮೇಷ್ಟ್ರ ಕಿವಿ ಬಿಸಿಯಾಯಿತು. "ಫೋಕಸ್ ಸರಿಯಿಲ್ಲ, ಡಿಲೀಟ್ ಮಾಡಮ್ಮ" ಎಂದರು. ಫೋಕಸ್ ಸರಿಯಾಗೇ ಇತ್ತು. ಕೂತಿದ್ದ ಎಲ್ಲರಿಗೂ ಅದು ಗೊತ್ತಿತ್ತು.

"ಸರಿ ಸರ್" ಎಂದಳು ಅತೀಯಾ.

ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತರು. ಕೈ ಮಾಡಿದ್ದಕ್ಕೆ ನಾಚಿಕೆ, ಬಾಯಿ ಆಡಿದ ಸುಳ್ಳಿಗೆ ಅದಕ್ಕಿಂತ ದೊಡ್ಡ ನಾಚಿಕೆ. ಊಟ ಬಿಟ್ಟೆದ್ದು ಹುಡುಗಿಯನ್ನು ಹುಡುಕಿಕೊಂಡು ಹೋದರು.

"ಆ ಫೋಟೋ ಇಟ್ಕೊಳಮ್ಮ. ತಪ್ಪು ನಂದು."

"ಆಗ್ಲೇ ಡಿಲೀಟ್ ಮಾಡ್ಬಿಟ್ಟೆ ಸರ್. ನೀವೇ ಹೇಳಿದ್ರಲ್ಲ."

ಅವಳ ದನಿಯಲ್ಲಿ ಚುಚ್ಚುಮಾತೇನೂ ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ಮೇಷ್ಟ್ರು ತಡವರಿಸಿದರು: "ಹಾಗಾದ್ರೆ ನಾಳೆ ಎಲ್ರೂ ಅಲ್ಲಿಗೆ ಹೋಗೋಣ. ನಿಮ್ಮೆದುರಿಗೇ ಆ ಅಜ್ಜಿ ಹತ್ರ ತಪ್ಪಾಯ್ತು ಅಂತೀನಿ."

ಬೆಳಿಗ್ಗೆ ಹೋದಾಗ ಆಕೆ ಅದೇ ಬಾಗಿಲ ನೆರಳಲ್ಲಿ ದಂಟಿನ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದಳು. ಹೆಸರು ಮುನಿವೆಂಕಟಮ್ಮ, ರಾಜಾನುಕುಂಟೆ ಕಡೆಯಿಂದ ದಿನಾ ಬಸ್ಸಿಗೆ ಬರುತ್ತಾಳೆ ಎಂದು ಪಕ್ಕದ ಅಂಗಡಿಯವನು ಹೇಳಿದ. ಮೇಷ್ಟ್ರು ಜೋಡಿಸಿಟ್ಟುಕೊಂಡಿದ್ದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಆಕೆ ತಲೆಯೆತ್ತಿ ಅವರ ಕೊರಳಲ್ಲಿದ್ದ ಕ್ಯಾಮೆರಾ ನೋಡಿದಳು. ನೋಡಿದವಳೇ ಗೋಣಿತಾಟು ಎಳೆದುಕೊಂಡು ಏಳತೊಡಗಿದಳು.

"ಇರು ಸ್ವಾಮಿ, ಜರುಗ್ತೀನಿ. ಬಾಗ್ಲು ಫೋಟೋ ತಾನೆ? ಈ ಕಡೆ ಓಗ್ಲಾ, ಆ ಕಡೆನಾ?"

"ಬೇಡಮ್ಮ, ಬೇಡ, ಕೂತ್ಕೊಳಿ" ಎಂದು ಮೇಷ್ಟ್ರು ಮುಂದೆ ಬಂದರು. ಅವರಿಗೇ ತಿಳಿಯದ ಹಾಗೆ ಕೈ ಮತ್ತೆ ಆಕೆಯ ಭುಜದ ಕಡೆಗೇ ಚಾಚಿತ್ತು. ಹುಡುಗರೆಲ್ಲ ನೋಡುತ್ತಿದ್ದರು. ಅತೀಯಾ ಮಾತ್ರ ತಲೆ ತಗ್ಗಿಸಿದಳು.

ಮೇಷ್ಟ್ರು ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಅಷ್ಟರಲ್ಲಿ ಮುನಿವೆಂಕಟಮ್ಮ ಸೊಪ್ಪನ್ನೆಲ್ಲ ಎತ್ತಿಕೊಂಡು ಬಿಸಿಲಿಗೆ ಹೋಗಿ ಕೂತಾಗಿತ್ತು.